ತಲುಪಿದ ಕೂಡಲೇ ಫೋನ್ ಮಾಡಿ

ಬಜ್ಪೆ

ವಿಮಾನ ನಿಲ್ದಾಣದ ಬಾಗಿಲಲ್ಲಿ ನಾನು ಮಾಡಿಕೊಂಡ ಫಜೀತಿಯನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಇಲ್ಲವಾದರೆ ನನ್ನ ಮಗಳು ಅಶ್ವಿನಿ ಅದನ್ನು ಮಣಿಪಾಲದಿಂದ ಕಾಪುವಿನವರೆಗೆ ಹೇಳಿಕೊಂಡು ಬರುತ್ತಾಳೆ.

ನನ್ನ ಟಿಕೆಟ್ ನನ್ನ ಕೈಯಲ್ಲೇ ಇತ್ತು. ಪಾಸ್‌ಪೋರ್ಟ್ ಕೊರಳಿಗೆ ನೇತುಹಾಕಿಕೊಂಡ ಚೀಲದಲ್ಲಿತ್ತು. ಇವರು ಸಾಮಾನಿನ ಗಾಡಿ ತಳ್ಳಿಕೊಂಡು ಮುಂದೆ, ನಾನು ಹಿಂದೆ. ಗಾಜಿನ ಬಾಗಿಲು ಬಂತು ನೋಡಿ, ನನ್ನ ಕಾಲು ತನ್ನಷ್ಟಕ್ಕೆ ನಿಂತುಬಿಟ್ಟಿತು. ಹೆಗಲಿನ ಚೀಲವನ್ನು ಗಾಡಿಯ ಮೇಲಿಟ್ಟೆ. "ಜಾಗ್ರತೆ. ತಲುಪಿದ ಕೂಡಲೇ ಫೋನ್ ಮಾಡಿ" ಎಂದೆ. ಇವರು "ಹ್ಞೂಂ" ಎಂದು ತಲೆಯಾಡಿಸಿ, ಕಾವಲಿನವನಿಗೆ ಟಿಕೆಟ್ ತೋರಿಸಿ, ಒಮ್ಮೆಯೂ ತಿರುಗಿ ನೋಡದೆ ಒಳಗೆ ಹೋದರು. ನಾನು ಅಲ್ಲೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ.

"ಅಮ್ಮಾ, ನಿನಗೆ ಎಂತ ಆಗಿದೆ? ನೀನೂ ಹೋಗ್ಲಿಕ್ಕುಂಟು ಮಾರಾಯ್ತಿ!" ಎಂದು ಅಶ್ವಿನಿ ಬೆನ್ನಿಗೊಂದು ಕೊಟ್ಟಾಗಲೇ ನನಗೆ ಎಚ್ಚರವಾದದ್ದು.

ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದು ಕಡಿಮೆ. ಇವರು ಎಂದರೆ ನನ್ನ ಗಂಡ ಸದಾಶಿವ. ಕಾಪುವಿನ ಮೀನುಗಾರರ ಮನೆಯವರು. ಮೂವತ್ತು ವರ್ಷ ಮಸ್ಕತ್ತಿನ ಬಂದರಿನಲ್ಲಿ, ದೊಡ್ಡ ಹಡಗುಗಳನ್ನು ಎಳೆದು ದಡಕ್ಕೆ ಸೇರಿಸುವ ಟಗ್ ಬೋಟಿನ ಇಂಜಿನ್ ನೋಡಿಕೊಂಡವರು. ನಾನು ಜಯಂತಿ. ಅಜೆಕಾರಿನ ಗದ್ದೆ ಬದಿಯಲ್ಲಿ ಹುಟ್ಟಿ, ಕಾಪುವಿಗೆ ಮದುವೆಯಾಗಿ ಬಂದು, ಹತ್ತಿರದ ಶಾಲೆಯೊಂದರಲ್ಲಿ ಟೀಚರಾಗಿ ಈಗಲೂ ಬೋರ್ಡಿನ ಮುಂದೆ ನಿಂತಿರುವವಳು. ಇವರಿಗೆ ವರ್ಷಕ್ಕೆ ಒಂದು ತಿಂಗಳ ರಜೆ. ಅಂದರೆ ನಮ್ಮ ಮೂವತ್ತು ವರ್ಷದ ಸಂಸಾರ ಕೂಡಿಸಿದರೆ ಎರಡೂವರೆ ವರ್ಷ. ಮೂವತ್ತು ಸಲ ನಾನು ಆ ಗಾಜಿನ ಬಾಗಿಲಿನವರೆಗೆ ಹೋಗಿದ್ದೇನೆ, ಮೂವತ್ತು ಸಲವೂ ಅಲ್ಲಿಂದಲೇ ಹಿಂದೆ ಬಂದಿದ್ದೇನೆ. ಕಾಲಿಗೆ ಅಭ್ಯಾಸವಾದದ್ದನ್ನು ಟಿಕೆಟ್ ಬಂದು ಬದಲಾಯಿಸುತ್ತದೆಯೇ?

ಹೊರಟವರಿಗೆ "ಹೋಗಬೇಡಿ" ಎನ್ನಬಾರದು ಎಂದು ಅತ್ತೆ ಮದುವೆಯಾದ ವರ್ಷವೇ ಹೇಳಿಕೊಟ್ಟಿದ್ದರು. ಮೀನಿಗೆ ಹೋಗುವ ಮನೆಯಲ್ಲಿ ಅದೊಂದು ಕಟ್ಟುನಿಟ್ಟು. ನಾನು ಯಾವತ್ತೂ ಹೇಳಿದವಳಲ್ಲ. ಚಕ್ಕುಲಿ ಕಟ್ಟಿದೆ, ಉಪ್ಪಿನಕಾಯಿ ಕಟ್ಟಿದೆ, ಒಣ ಸಿಗಡಿ ಚಟ್ನಿ ಕಟ್ಟಿದೆ, ಬಾಯಿಯನ್ನೂ ಕಟ್ಟಿದೆ.

ಎಂಟು ತಿಂಗಳ ಹಿಂದೆ ಇವರು ಕೆಲಸ ಬಿಟ್ಟು ಬಂದರು. "ಒಂದು ಸಲವಾದರೂ ಇಬ್ಬರೂ ಒಟ್ಟಿಗೆ ವಿಮಾನ ಹತ್ತಿ" ಎಂದು ಅಶ್ವಿನಿ ದಸರಾ ರಜೆಗೆ ಮಲೇಷ್ಯಾದ ಪ್ರವಾಸ ಗೊತ್ತುಮಾಡಿದಳು. ಕೌಲಾಲಂಪುರ, ಪೆನಾಂಗ್, ಲಂಕಾವಿ.

ಕೌಲಾಲಂಪುರ

ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಬೆಳೆದ ಕಿವಿಗೆ ಈ ಊರು ಒಂದು ಶಿಕ್ಷೆ. ಬಸ್ಸಿನ ಬಾಗಿಲಲ್ಲಿ ಯಾರೂ ನೇತಾಡುವುದಿಲ್ಲ, "ಮಣಿಪಾಲ, ಮಣಿಪಾಲ, ಕಾರ್ಕಳ, ಕಾರ್ಕಳ" ಎಂದು ಯಾರೂ ಕೂಗುವುದಿಲ್ಲ, "ಬೇಗ ಬನ್ನಿ ಅಕ್ಕ" ಎಂದು ಕೈಹಿಡಿದು ಯಾರೂ ಎಳೆದು ಹಾಕುವುದಿಲ್ಲ. ಬಸ್ಸು ಬರುತ್ತದೆ, ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಹೋಗುತ್ತದೆ. ಕಂಡಕ್ಟರ್ ಕರೆಯಲಿ ಎಂದು ಕಾದು ನಾವು ಎರಡು ಬಸ್ಸು ತಪ್ಪಿಸಿಕೊಂಡೆವು.

ಇನ್ನೊಂದು ವಿಷಯ ಇಲ್ಲಿ ಕಲಿತೆ. ಇಲ್ಲಿನವರು ಯಾರೂ ತೋರುಬೆರಳಿನಿಂದ ತೋರಿಸುವುದಿಲ್ಲ. ಮುಷ್ಟಿ ಮಡಚಿ, ಅದರ ಮೇಲೆ ಹೆಬ್ಬೆರಳು ಚಾಚಿ, ಅದರಿಂದ ಮೆಲ್ಲಗೆ ದಾರಿ ತೋರಿಸುತ್ತಾರೆ. ತೋರುಬೆರಳು ಚಾಚುವುದು ಒರಟಂತೆ. ಅಂಗಡಿಯಲ್ಲಿ ನಾನು ಬೆರಳು ಚಾಚಿ ಇದು, ಅದು ಎಂದು ತೋರಿಸುವಾಗ ಅಲ್ಲಿನ ಹುಡುಗಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಬೆರಳು ಚಾಚಿ ಚಾಚಿಯೇ ಸಂಬಳ ತೆಗೆದುಕೊಂಡವಳು ನಾನು. ಅವತ್ತಿಡೀ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಇವರಿಗೆ ಮಾತ್ರ ಯಾವ ತಾಪತ್ರಯವೂ ಇಲ್ಲ. ಕ್ಯೂ ಎಲ್ಲಿ, ಫಾರ್ಮ್ ಎಲ್ಲಿ, ಎಲ್ಲ ಗೊತ್ತು. ಹೋಟೆಲಿನಲ್ಲಿದ್ದ ಕೇರಳದವನ ಹತ್ತಿರ ಮಲಯಾಳದಲ್ಲಿ ಮಾತಾಡಿ ಚಹಾ ತರಿಸಿದರು. ಕೋಣೆಗೆ ಬಂದದ್ದೇ ತಡ, ಜಿಪ್ಪಿನ ಚೀಲ ತೆರೆದು, ಹಲ್ಲುಜ್ಜುವ ಬ್ರಶ್ಶನ್ನು ಬಚ್ಚಲಿನ ಲೋಟದಲ್ಲಿ ನನ್ನ ಬ್ರಶ್ಶಿನ ಪಕ್ಕ ಇಟ್ಟರು. ರೇಜರ್ ಕನ್ನಡಿಯ ಕೆಳಗೆ. ಬಾಚಣಿಗೆ ಅದರ ಪಕ್ಕ.

ನಾನು ನೋಡುತ್ತಾ ನಿಂತೆ. ಕಾಪುವಿನ ನಮ್ಮ ಮನೆಯಲ್ಲಿ ಎಂಟು ತಿಂಗಳಾದರೂ ಇವರ ಬ್ರಶ್ಶು ಆ ಜಿಪ್ಪಿನ ಚೀಲದಿಂದ ಹೊರಗೆ ಉಳಿದಿಲ್ಲ. ಬೆಳಿಗ್ಗೆ ತೆಗೆಯುತ್ತಾರೆ, ಉಜ್ಜುತ್ತಾರೆ, ಒರೆಸಿ ಮತ್ತೆ ಚೀಲಕ್ಕೆ ಹಾಕುತ್ತಾರೆ. ರಜೆಯಲ್ಲಿ ಬಂದವರ ಹಾಗೆ.

"ಇಲ್ಲಿ ಲೋಟದಲ್ಲಿ ಇಟ್ಟಿರಲ್ಲ?" ಎಂದೆ.

"ಇದು ನಿನ್ನದೂ ಅಲ್ಲ, ನನ್ನದೂ ಅಲ್ಲ ಅಲ್ವಾ? ಹಾಗಾಗಿ ಸಲೀಸು" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಇವರೇ ಮತ್ತೆ ಹಾಸಿಗೆಯ ತುದಿಯಲ್ಲಿ ಕುಳಿತು ಹೇಳಿದರು, "ಜಯಾ, ಹೊರಡುವ ಮೊದಲು ಹೇಳ್ಬೇಕಿತ್ತು. ಕಂಪೆನಿಯಿಂದ ಫೋನ್ ಬಂದಿತ್ತು. ಹೊಸ ಬೋಟು ಬಂದಿದೆಯಂತೆ. ಇನ್ನೆರಡು ವರ್ಷ ಬಾ ಅಂತಾರೆ. ಊರಿಗೆ ಮುಟ್ಟಿದ ಮೇಲೆ ಹೂಂ ಅಥವಾ ಊಹೂಂ ಹೇಳ್ಬೇಕು."

"ನೀವೆಂತ ಹೇಳ್ತೀರಿ?"

"ಗೊತ್ತಿಲ್ಲ. ನಿನಗೆ ಎಂತ ಅನಿಸ್ತದೆ?"

"ನಿಮ್ಮ ಇಷ್ಟ" ಎಂದೆ. ಮೂವತ್ತು ವರ್ಷ ಹೇಳಿದ್ದು ಅದನ್ನೇ. ನಾಲಿಗೆ ನನ್ನ ಒಪ್ಪಿಗೆಗೂ ಕಾಯಲಿಲ್ಲ.

ಮರುದಿನ ಆ ಜೋಡಿ ಗೋಪುರಗಳನ್ನು ನೋಡಿದೆವು. ಕುತ್ತಿಗೆ ನೋಯುವಷ್ಟು ಎತ್ತರ ಉಂಟು. ಎರಡರ ನಡುವೆ ಒಂದು ಸೇತುವೆ ಉಂಟು. ಎಲ್ಲರೂ ಜೋಡಿಯಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು. ಫೋಟೋದಲ್ಲಿ ನಮ್ಮಿಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಇತ್ತು ಎಂದು ಅಶ್ವಿನಿ ವಾಟ್ಸಾಪಿನಲ್ಲಿ ತಮಾಷೆ ಮಾಡಿದಳು.

ಪೆನಾಂಗ್

ರೈಲಿನಲ್ಲಿ ಕಡಲ ಬದಿಯವರೆಗೆ, ಅಲ್ಲಿಂದ ಫೆರ್ರಿಯಲ್ಲಿ ದ್ವೀಪಕ್ಕೆ. ನಾನು ಕಾಪುವಿಗೆ ಬಂದು ಇಷ್ಟು ವರ್ಷವಾದರೂ ದೋಣಿ ಹತ್ತಿದವಳಲ್ಲ. ನಮ್ಮ ಮಲ್ಪೆಯ ಎದುರಿನ ದ್ವೀಪಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವಾಗಲೂ ತಲೆನೋವಿನ ನೆಪ ಹೇಳಿ ದಡದಲ್ಲಿ ಉಳಿದವಳು. ಫೆರ್ರಿ ಹೊರಟದ್ದೇ ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಇವರು ಪಕ್ಕದಲ್ಲಿ ನಿಂತು, "ಕೇಳು, ಒಳ್ಳೆಯ ಇಂಜಿನ್. ಹೊಟ್ಟೆ ತುಂಬಿದವನು ಮಾತಾಡಿದ ಹಾಗೆ ಉಂಟು" ಎಂದರು. ಕೇಳಿದೆ. ನನಗೆ ಗಡಗಡ ಮಾತ್ರ ಕೇಳಿಸಿತು. ಆದರೆ ಕಣ್ಣು ಬಿಟ್ಟೆ.

ಅಲ್ಲಿ ಕಡಲಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಮನೆಗಳ ಸಾಲುಗಳಿವೆ. ಚೀನಾದಿಂದ ಕೂಲಿಗೆ ಬಂದವರು ಕಟ್ಟಿಕೊಂಡದ್ದಂತೆ. ಒಂದು ಸಾಲಿಗೆ ಒಂದೇ ಮನೆತನ. ಹಲಗೆಯ ದಾರಿಯಲ್ಲಿ ನಡೆಯುವಾಗ ಸಂದಿಯಿಂದ ಕೆಳಗೆ ನೀರು ಕಾಣುತ್ತದೆ. ಒಂದು ಮನೆಯ ಮುಂದೆ ಗಂಡ ಬಲೆ ಬಿಡಿಸುತ್ತಿದ್ದ, ಹೆಂಡತಿ ಅವನ ಮುಂದೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಮಾತಾಡುವ ಅಗತ್ಯ ಇಲ್ಲದವರ ಹಾಗೆ ಆರಾಮವಾಗಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ?

ಬೆಳಿಗ್ಗೆ ಬೀದಿಯಲ್ಲಿ ಹಾರ್ನ್ ಹೊಡೆದುಕೊಂಡು ಮೋಟಾರ್ ಸೈಕಲಿನಲ್ಲಿ ಒಬ್ಬ ತಮಿಳು ಮುದುಕ ಬಂದ. ಪೆಟ್ಟಿಗೆ ತೆರೆದರೆ ಒಳಗೆ ನಮ್ಮ ಸೇಮಿಗೆ! ಅಕ್ಕಿ ಹಿಟ್ಟಿನ ಬಿಳಿ ಎಳೆ, ಮೇಲೆ ತೆಂಗಿನ ತುರಿ, ಕೆಂಪು ಸಕ್ಕರೆ. ಹೆಸರು ಮಾತ್ರ ಬೇರೆ, ಪುಟ್ಟು ಮಾಯಂ. ನಾಲ್ಕು ದಿನದಿಂದ ಸಿಹಿ ಸಾರಿನಲ್ಲಿ ಈಜಾಡುವ ನೂಡಲ್ಸ್ ತಿಂದ ಬಾಯಿಗೆ ಅಮೃತ ಸಿಕ್ಕಿದ ಹಾಗಾಯಿತು.

ಸೇಮಿಗೆ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಆಗುತ್ತಿತ್ತು. ನನ್ನ ಹತ್ತಿರ ಇರುವುದು ಸೇಮಿಗೆ ಒತ್ತುವ ಹಳೆಯ ಕಾಲದ ಮಣೆ. ಬೆಂದ ಹಿಟ್ಟಿನ ಉಂಡೆ ಬಿಸಿಯಿರುವಾಗಲೇ ಅದರೊಳಗೆ ಹಾಕಿ ಒಬ್ಬರು ಒತ್ತಬೇಕು, ಇನ್ನೊಬ್ಬರು ಕೆಳಗೆ ಎಲೆ ಹಿಡಿದು ತಿರುಗಿಸಬೇಕು. ಒಬ್ಬಳ ಕೈಯಿಂದ ಆಗುವ ಕೆಲಸವಲ್ಲ. ಅದಕ್ಕೆ ಇವರ ರಜೆಯ ತಿಂಗಳು ಬರಬೇಕು. ಉಳಿದ ಹನ್ನೊಂದು ತಿಂಗಳು ಮಣೆ ಅಟ್ಟದಲ್ಲಿ.

"ನಿಮ್ಮ ಮನೆಯಲ್ಲಿ ಯಾರು ಒತ್ತುವುದು?" ಎಂದು ಮುದುಕನನ್ನು ಕೇಳಿಸಿದೆ. ಮಸ್ಕತ್ತಿನಲ್ಲಿ ತಮಿಳು ಕಲಿತ ಇವರೇ ದುಭಾಷಿ.

"ಹೆಂಡತಿ ಹಿಟ್ಟು ಮಾಡ್ತಾಳಂತೆ. ಒತ್ತುವುದು ಇವನಂತೆ. ದಿನಾ ಬೆಳಿಗ್ಗೆ. ಮದುವೆಯಾದಂದಿನಿಂದ" ಎಂದರು ಇವರು. ಎಲೆಯಲ್ಲಿ ಉಳಿದ ಕೊನೆಯ ತುತ್ತನ್ನು ನನ್ನ ಕಡೆ ಸರಿಸಿದರು.

ಎಂಟು ತಿಂಗಳಿಂದ ಇವರು ಮನೆಯಲ್ಲೇ ಇದ್ದಾರೆ. ನಾನು ಮಣೆಯನ್ನು ಅಟ್ಟದಿಂದ ಇಳಿಸಿಲ್ಲ ಎಂದು ನನಗೆ ಆ ಬೀದಿಯಲ್ಲಿ ಹೊಳೆಯಿತು. "ನೀವು ಕೂತುಕೊಳ್ಳಿ, ನಾನು ಮಾಡ್ತೇನೆ" ಎಂಬುದೇ ಎಂಟು ತಿಂಗಳ ನನ್ನ ಪಲ್ಲವಿ. ಇವರಿಗೆ ಒಳ್ಳೆಯ ಬಟ್ಟಲು, ಇಸ್ತ್ರಿ ಮಾಡಿದ ಟವೆಲ್ಲು. ನೆಂಟರಿಗೆ ಇನ್ನೇನು ಕೊಡುತ್ತಾರೆ?

ಲಂಕಾವಿ

ಲಂಕಾವಿಯಿಂದ ಸಣ್ಣ ದೋಣಿಯಲ್ಲಿ ಸುತ್ತಲಿನ ದ್ವೀಪಗಳನ್ನು ತೋರಿಸುತ್ತಾರೆ. ಆ ದಿನ ಹೇಳಿಯೇ ಬಿಡಬೇಕು ಎಂದು ನಾನು ತೀರ್ಮಾನಿಸಿಕೊಂಡು ಹೊರಟಿದ್ದೆ. ಮೂರು ದಿನದಲ್ಲಿ ಊರು, ಊರು ಮುಟ್ಟಿದರೆ ಇವರ ಉತ್ತರ. ಈಗಲ್ಲದಿದ್ದರೆ ಮತ್ತೆ ಗಾಜಿನ ಬಾಗಿಲೇ ಗತಿ.

ದೋಣಿಯಲ್ಲಿ ಹನ್ನೆರಡು ಜನ. ಅಭ್ಯಾಸಬಲದಿಂದ ನಾನು ಎರಡೆರಡು ಸಲ ತಲೆ ಎಣಿಸಿದೆ. ನಡೆಸುವವನು ಹಾಶಿಂ ಎಂಬ ನಡುವಯಸ್ಸಿನವ. ಕೈಕುಲುಕಿದ ಮೇಲೆ ಆ ಕೈಯನ್ನು ತನ್ನ ಎದೆಗೆ ಮುಟ್ಟಿಸಿಕೊಳ್ಳುವ ಇಲ್ಲಿನವರ ಕ್ರಮ ಅವನಲ್ಲಿ ಬಹಳ ಚೆಂದ ಕಾಣುತ್ತಿತ್ತು. ಒಂದು ಕಡೆ ನೀರಿನ ಮೇಲೆ ಗರುಡಗಳು ಹತ್ತಿಪ್ಪತ್ತು ಒಟ್ಟಿಗೆ ಸುತ್ತುತ್ತಿದ್ದವು. ಎಲ್ಲರೂ ಮೊಬೈಲ್ ಎತ್ತಿದರು, ನಾವಿಬ್ಬರೇ ಕೈಮುಗಿದೆವು. ಪಕ್ಕದಲ್ಲಿದ್ದ ಚೀನೀ ಹೆಂಗಸು ನಮ್ಮನ್ನು ನೋಡಿ ತಾನೂ ಮೊಬೈಲ್ ಕೆಳಗಿಟ್ಟು ಕೈಮುಗಿದಳು. ಯಾಕೆಂದು ಅವಳಿಗೆ ಗೊತ್ತಿಲ್ಲ, ಪಾಪ.

ಅಲ್ಲಿಂದ ಮುಂದಿನ ದ್ವೀಪಕ್ಕೆ ಹೋಗುವಾಗ ನಡುನೀರಿನಲ್ಲಿ ಇಂಜಿನ್ ಕೆಮ್ಮಿತು. ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಇವರ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹಾಶಿಂ ಇಂಜಿನಿನ ಮುಚ್ಚಳ ತೆಗೆದು ಏನೇನೋ ನೋಡಿದ, ಹಗ್ಗ ಎಳೆದ. ಇಂಜಿನ್ ಮತ್ತೆ ಕೆಮ್ಮಿತು ಅಷ್ಟೆ.

ಇವರು ಮೊದಲು ಸುಮ್ಮನೆ ಕುಳಿತಿದ್ದರು. ಎರಡು ಕೈಗಳನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದಿದ್ದರು. ಆ ಕೈಗಳು ಎದ್ದು ಹೋಗಲು ಹಟ ಮಾಡುತ್ತಿದ್ದುದು ನನಗೆ ಕಂಡಿತು. ಕೊನೆಗೆ ತಡೆಯಲಾಗದೆ, "ಎಣ್ಣೆ ಹೋಗ್ತಾ ಇಲ್ಲ ಅದಕ್ಕೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎದ್ದರು. ಮುಷ್ಟಿ ಮಡಚಿ ಹೆಬ್ಬೆರಳಿನಿಂದ ಮರ್ಯಾದೆಯಲ್ಲಿ ಪೆಟ್ರೋಲ್ ಪೈಪನ್ನು ಹಾಶಿಂನಿಗೆ ತೋರಿಸಿದರು. ಇಬ್ಬರೂ ಬಗ್ಗಿ, ಪೈಪನ್ನು ಕೈಯಲ್ಲಿ ತಡವುತ್ತಾ ಇಂಜಿನಿನಿಂದ ಹಿಂದೆ ಹಿಂದೆ ಬಂದರು. ಬಂದವರು ನನ್ನ ಚೀಲದ ಹತ್ತಿರ ನಿಂತರು.

ನನ್ನ ಚೀಲ! ಚಕ್ಕುಲಿ, ಮಿಡಿ ಉಪ್ಪಿನಕಾಯಿಯ ಎರಡು ಬಾಟ್ಲಿ, ಸಿಗಡಿ ಚಟ್ನಿಯ ಡಬ್ಬ, ಒಂದು ಸೇರು ಕುಚ್ಚಲಕ್ಕಿ. ಮಸ್ಕತ್ತಿಗೆ ಕಟ್ಟಿ ಕಟ್ಟಿ ಅಭ್ಯಾಸವಾದ ಕೈ ಇಲ್ಲಿಗೂ ಅದನ್ನೇ ಕಟ್ಟಿತ್ತು. ಹೋಟೆಲಿನಲ್ಲಿ ಬಿಟ್ಟರೆ ಯಾರಾದರೂ ತೆಗೆದುಕೊಂಡಾರು ಎಂದು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಿದ್ದೆ. ಆ ಕಲ್ಲಿನಂಥ ಚೀಲವನ್ನು ಗರುಡಗಳಿಗೆ ಕೈಮುಗಿಯುವ ಭಕ್ತಿಯಲ್ಲಿ ಸರಿಯಾಗಿ ಪೆಟ್ರೋಲ್ ಪೈಪಿನ ಮೇಲೆ ಸರಿಸಿಟ್ಟಿದ್ದೆ. ಪೈಪು ಕುತ್ತಿಗೆ ಹಿಸುಕಿದ ಹಾಗೆ ಚಪ್ಪಟೆಯಾಗಿತ್ತು.

"ನಿನ್ನ ಉಪ್ಪಿನಕಾಯಿ ದೋಣಿ ನಿಲ್ಲಿಸಿತು ಮಾರಾಯ್ತಿ!" ಎಂದು ಇವರು ನಕ್ಕರು. ಹಾಶಿಂ ನಕ್ಕ. ಅರ್ಥವಾಗದ ಹತ್ತು ಜನರೂ ನಕ್ಕರು. ನನಗೆ ನೀರಿಗೆ ಹಾರಿಬಿಡೋಣ ಅನ್ನಿಸಿತು, ಆದರೆ ನೀರು ಕಂಡರೆ ಹೆದರಿಕೆ.

ಚೀಲ ಸರಿಸಿ, ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಇವರು ನಾಲ್ಕು ಸಲ ಹಿಂಡಿದರು. ಹಾಶಿಂ ಹಗ್ಗ ಎಳೆದ. ಇಂಜಿನ್ ಹೊಟ್ಟೆ ತುಂಬಿದವನ ಹಾಗೆ ಮಾತಾಡಿತು. ಹಾಶಿಂ ಇವರ ಕೈಕುಲುಕಿ, ಎದೆ ಮುಟ್ಟಿಕೊಂಡು, ಇಂಜಿನಿನ ಪಕ್ಕದ ತನ್ನ ಜಾಗವನ್ನು ಹೆಬ್ಬೆರಳಿನಿಂದ ತೋರಿಸಿದ. ಇವರು ಕುಳಿತು ಚುಕ್ಕಾಣಿ ಹಿಡಿದರು. ಬೆರಳುಗಳಲ್ಲಿ ಗ್ರೀಸು, ಮುಖದ ಮೇಲೆ ಉಪ್ಪು ನೀರು. ಎಂಟು ತಿಂಗಳಲ್ಲಿ ನಾನು ನೋಡದ ಮನುಷ್ಯ ಅಲ್ಲಿ ಕುಳಿತಿದ್ದ. ಇವರು ಖಂಡಿತ ಹೋಗುತ್ತಾರೆ, ಹೋಗದೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡೆ.

ನಾವು ಇಳಿದ ದ್ವೀಪದ ಹೆಸರಿನ ಅರ್ಥ ಒದ್ದೆ ಅಕ್ಕಿ ಎಂದು ಹಾಶಿಂ ಹೇಳಿದ. ಬಿಳಿ ಮರಳು, ಹಸಿರು ನೀರು, ಮರದ ತುಂಬ ಮಂಗಗಳು. ದಡದಲ್ಲಿ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಒಂದು ಮಂಗ ಚಕ್ಕುಲಿ ಪೊಟ್ಟಣ ಎತ್ತಿಕೊಂಡು ಹೋಯಿತು. ಹೋಗಲಿ ಎಂದು ಬಿಟ್ಟೆ. ಇವರು ಮರಳಿನಲ್ಲಿ ಕುಳಿತು ಕೈಯ ಗ್ರೀಸನ್ನು ಉಜ್ಜಿ ತೆಗೆಯುತ್ತಿದ್ದರು. ಪಕ್ಕದಲ್ಲಿ ಕುಳಿತೆ.

"ಹೋಗಬೇಡಿ" ಎಂದೆ.

ಇವರ ಕೈ ನಿಂತಿತು. "ಎಲ್ಲಿಗೆ?"

"ಮಸ್ಕತ್ತಿಗೆ. ನಿಮ್ಮ ಇಷ್ಟ ಅಂತ ಅವತ್ತು ಹೇಳಿದ್ದು ಸುಳ್ಳು. ನನಗೆ ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ."

ಇವರು ಗ್ರೀಸಿನ ಕೈಯನ್ನು ಮರಳಿಗೆ ಊರಿ ನನ್ನ ಕಡೆ ತಿರುಗಿದರು. "ಮೂವತ್ತು ವರ್ಷದಲ್ಲಿ ಒಂದು ಸಲವಾದರೂ ಹೇಳ್ಲಿಲ್ಲ ನೀನು."

"ಹೊರಟವರಿಗೆ ಹಾಗೆ ಹೇಳಬಾರದಲ್ವಾ? ನೀವಾದರೂ ಒಂದು ಸಲ ತಿರುಗಿ ನೋಡಿದ್ರಾ? ಗಾಜಿನ ಆಚೆ ಹೆಂಡತಿ ಉಂಟಾ ಇಲ್ವಾ ಅಂತ?"

"ಮೊದಲನೇ ಸಲ ನೋಡಿದ್ದೆ. ನೀನು ಅಶ್ವಿನಿಯನ್ನು ಎತ್ತಿಕೊಂಡು ಗಾಜಿಗೆ ಮುಖ ಒತ್ತಿ ನಿಂತಿದ್ದೆ. ವಿಮಾನದಲ್ಲಿ ಊಟ ಕೊಟ್ಟರು, ಒಂದು ತುತ್ತು ಇಳಿಯಲಿಲ್ಲ. ಮತ್ತೆ ನೋಡಿದರೆ ಹೋಗ್ಲಿಕ್ಕೆ ಆಗುವುದಿಲ್ಲ ಅಂತ ನೋಡ್ಲೇ ಇಲ್ಲ."

ಇಷ್ಟು ವರ್ಷ ಅದನ್ನು ಕಲ್ಲು ಮನಸ್ಸು ಎಂದುಕೊಂಡಿದ್ದೆ. ನನಗೆ ಅಳು ಬಂತು, ತಡೆಯಲಿಲ್ಲ.

"ಆದರೆ ಜಯಾ, ಮನೆಯಲ್ಲಿ ನಾನೆಂತ ಮಾಡ್ಲಿ ಹೇಳು" ಎಂದರು ಮೆಲ್ಲಗೆ. "ಸಕ್ಕರೆ ಡಬ್ಬ ಎಲ್ಲುಂಟು ಅಂತ ಗೊತ್ತಿಲ್ಲ. ಏಳುವ ಮೊದಲು ಚಹಾ ಬರ್ತದೆ. ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ಬಂದ ವಾರವೇ ಸೌದೆ ಕೊಟ್ಟಿಗೆಗೆ ಹಾಕಿಸಿದೆ ನೀನು."

"ಎಣ್ಣೆ ಕಲೆಯಾಗ್ತದೆ ಅಂತ..." ಎಂದೆ.

"ಹೋಗ್ತೀರಾ?" ಎಂದು ಕೇಳಿದೆ.

"ನೋಡುವ" ಎಂದರು. ಅಷ್ಟರಲ್ಲಿ ಹಾಶಿಂ ದೋಣಿಗೆ ಕರೆದ.

ಕಾಪು

ಬಜ್ಪೆಯಲ್ಲಿ ಹೊರಗೆ ಬರುವಾಗ ಕಂಬಿಯ ಆಚೆ ಕಾಯುವವರ ಸಾಲು ಎಂದಿನಂತೆ ಇತ್ತು. ಅಶ್ವಿನಿ ಕೈಬೀಸುತ್ತಿದ್ದಳು. ಅವಳ ಪಕ್ಕದಲ್ಲಿ ಮಗುವನ್ನು ಕಂಬಿಯ ಮೇಲೆ ಕೂರಿಸಿಕೊಂಡ ಚಿಕ್ಕ ಪ್ರಾಯದ ಹುಡುಗಿಯೊಬ್ಬಳು, ಹೊರಗೆ ಬರುವ ಪ್ರತಿಯೊಂದು ಮುಖವನ್ನೂ ನೋಡಿ ನೋಡಿ ಬಿಡುತ್ತಿದ್ದಳು. ನಾನು ಎಷ್ಟೋ ವರ್ಷ ನಿಂತ ಜಾಗ ಅದೇ. ಅವಳನ್ನು ದಾಟಿ ಬರುವಾಗ ಏನಾದರೂ ಹೇಳಬೇಕೆನಿಸಿತು. ಏನು ಹೇಳುವುದು? ಸುಮ್ಮನೆ ಮಗುವಿನ ಕೆನ್ನೆ ಮುಟ್ಟಿ ಬಂದೆ.

ಮನೆಗೆ ಬಂದು ಸೀರೆ ಬದಲಾಯಿಸುವ ಮೊದಲು ಸೌದೆ ಕೊಟ್ಟಿಗೆಗೆ ಹೋದೆ. ಸ್ಪ್ಯಾನರ್ ಪೆಟ್ಟಿಗೆ ತೆಂಗಿನ ಗರಿಗಳ ಅಡಿಯಲ್ಲಿತ್ತು. ಏನು ಭಾರ! ದರದರ ಎಳೆದುಕೊಂಡು ಬಂದು ಜಗಲಿಯಲ್ಲಿ, ಒಳಗೆ ಬರುವ ಎಲ್ಲರ ಕಾಲಿಗೆ ತಾಗುವ ಕಡೆ ಇಟ್ಟೆ. ಬಿಳಿ ಟೈಲ್ಸಿನ ಮೇಲೆ ಉದ್ದಕ್ಕೆ ಕಪ್ಪು ಗೀರು ಬಿತ್ತು. ಇವರು ಬಾಗಿಲಲ್ಲಿ ನಿಂತು ಗೀರನ್ನೂ ನೋಡಿದರು, ನನ್ನನ್ನೂ ನೋಡಿದರು. ಸಂಜೆ ಲೈಟ್‌ಹೌಸಿನ ಕಡೆ ಹೋಗಿ ಕಂಪೆನಿಯವರ ಹತ್ತಿರ ಫೋನಿನಲ್ಲಿ ಮಾತಾಡಿ ಬಂದರು. ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಬೆಳಿಗ್ಗೆ ಮುಖ ತೊಳೆಯಲು ಬಚ್ಚಲಿಗೆ ಹೋದೆ. ಲೋಟದಲ್ಲಿ ಎರಡು ಬ್ರಶ್ಶುಗಳಿದ್ದವು. ಅಡುಗೆಮನೆಯಿಂದ, "ಸಕ್ಕರೆ ಎಲ್ಲುಂಟು ಮಾರಾಯ್ತಿ?" ಎಂದು ಕೂಗಿದ್ದು ಕೇಳಿಸಿತು.

ಕಳೆದುಹೋದ ವರ್ಷಗಳು ತಿರುಗಿ ಬರುವುದಿಲ್ಲ. ಆ ಮೂವತ್ತು ವರ್ಷಕ್ಕೆ ನನಗೆ ಈಗಲೂ ಒಮ್ಮೊಮ್ಮೆ ಸಂಕಟವಾಗುತ್ತದೆ. ಅಟ್ಟದಿಂದ ಇಳಿಸಿದ ಮಣೆಯಲ್ಲಿ ಸೇಮಿಗೆ ಒತ್ತುವಾಗ ಇವರ ತೋಳು ನಡುಗುತ್ತದೆ, ಮೊದಲಿನ ಬಲ ಇಲ್ಲ. ಎಲೆ ಹಿಡಿದ ನಾನು ಅದನ್ನು ನೋಡದವಳ ಹಾಗೆ ನೋಡುತ್ತೇನೆ.

ಹೋದ ಸೋಮವಾರ, ನನಗೆ ಶಾಲೆಗೆ ರಜೆ ಇದ್ದ ದಿನ, ಇವರು ಮಲ್ಪೆಯ ಬಂದರಿಗೆ ಹೊರಟರು. ಅಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವ ಪರಿಚಯದವರೊಬ್ಬರು ಕರೆದಿದ್ದರು. ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡರು. ನಾನು ಗೇಟಿನವರೆಗೆ ಹೋದೆ. ನನ್ನ ಕಾಲು ಅಲ್ಲಿ ತನ್ನಷ್ಟಕ್ಕೆ ನಿಂತಿತು, ಬಾಯಿ ತನ್ನಷ್ಟಕ್ಕೆ, "ಜಾಗ್ರತೆ. ತಲುಪಿದ ಕೂಡಲೇ ಫೋನ್ ಮಾಡಿ" ಎಂದಿತು.

ತಿರುವಿನಲ್ಲಿ ಸ್ಕೂಟರ್ ನಿಧಾನವಾಯಿತು. ಇವರು ತಿರುಗಿ ನೋಡಿದರು.

ಮುಕ್ಕಾಲು ಗಂಟೆಯಲ್ಲಿ ಫೋನ್ ಬಂತು. ಹಿಂದೆ ಇಂಜಿನಿನ ಸದ್ದು, ಮೀನಿನವರ ಗಲಾಟೆ.

"ತಲುಪಿದೆ" ಎಂದರು. ಮೂವತ್ತು ಸಲ ಕೇಳಿದ ಮಾತು. ನಾನು ಎಂದಿನ ಹಾಗೆ ಫೋನ್ ಇಡಲು ಹೊರಟೆ.

"ಇರು ಜಯಾ, ಇಡಬೇಡ. ಒಳ್ಳೆಯ ಬಂಗುಡೆ ಉಂಟು ಇಲ್ಲಿ, ತರ್ತೇನೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ತೇನೆ."